ಮನೆಯನ್ನು ನುಡಿಸಿದವನ ಊರುಗಳು

ಹೈಂಟ್ಸ್ ಎಮಿಗ್‌ಹೋಲ್ಟ್ಸ್ ಎಂಬ ಜರ್ಮನ್ ನಿರ್ದೇಶಕನ ‘ಗಾಫ್ ಇನ್ ದ ಡೆಸರ್ಟ್’ ಸಿನಿಮಾ ನೋಡಲು ಕುಳಿತವರು ಮೊದಲ ಹತ್ತು ನಿಮಿಷ ಚಡಪಡಿಸುತ್ತಾರೆ. ಕತೆಯಿಲ್ಲ, ನಟರಿಲ್ಲ, ಇದು ಇಂಥದ್ದು ಎಂದು ತಿಳಿಸಿಹೇಳುವ ಹಿನ್ನೆಲೆ ದನಿಯಿಲ್ಲ. ಕಟ್ಟಡದ ಹೆಸರು ಮತ್ತು ಊರು ತೆರೆಯ ಮೇಲೆ ಬರುತ್ತವೆ. ಆಮೇಲೆ ಕ್ಯಾಮೆರಾ ಒಂದು ಕಡೆ ನಿಂತು ಸುಮ್ಮನೆ ನೋಡುತ್ತದೆ. ಕೆಲವು ಕ್ಷಣ ಕಳೆದ ಮೇಲೆ ಇನ್ನೊಂದು ಕಡೆ ನಿಂತು ನೋಡುತ್ತದೆ. ಅದು ಚಲಿಸುವುದಿಲ್ಲ, ಹಾಗೆಂದು ನೆಟ್ಟಗೂ ನಿಲ್ಲುವುದಿಲ್ಲ. ಹಲವು ಸಲ ಕತ್ತು ವಾಲಿಸಿದಂತೆ ಓರೆಯಾಗಿರುತ್ತದೆ. ಕಿವಿಗೆ ಬೀಳುವುದು ಆ ಜಾಗದ್ದೇ ಸದ್ದು: ಗಾಳಿ, ಹಕ್ಕಿ, ದೂರದ ರಸ್ತೆ. 2003ರ ಈ ಚಿತ್ರ 110 ನಿಮಿಷಗಳಲ್ಲಿ ಬ್ರೂಸ್ ಗಾಫ್ ಎಂಬ ಅಮೆರಿಕನ್ ವಾಸ್ತುಶಿಲ್ಪಿಯ 62 ಕಟ್ಟಡಗಳನ್ನು, ಪೆಟ್ರೋಲ್ ಬಂಕಿನಿಂದ ಮ್ಯೂಸಿಯಂವರೆಗೆ, ಸಾಲಾಗಿ ತೋರಿಸುತ್ತದೆ.

ಮನೆಯೊಂದನ್ನು ಚಿತ್ರಿಸಲು ಇದಕ್ಕಿಂತ ಪ್ರಾಮಾಣಿಕವಾದ ದಾರಿಯನ್ನು ನಾನು ಕಂಡಿಲ್ಲ. ವಾಸ್ತುಶಿಲ್ಪದ ಸಿನಿಮಾ ಎಂದರೆ ಡ್ರೋನ್ ಹಾರಿಸಿ, ಕೆಳಗೆ ಪಿಯಾನೋ ಸಂಗೀತ ಹರಿಸಿ, ನಡುವೆ ಇಬ್ಬರು ಪ್ರೊಫೆಸರುಗಳನ್ನು ಕೂರಿಸುವುದು ರೂಢಿ. ಎಮಿಗ್‌ಹೋಲ್ಟ್ಸ್ ಅದನ್ನೆಲ್ಲ ಬಿಟ್ಟ. ಬಿಟ್ಟಿದ್ದರಿಂದಲೇ ನನಗೆ ಇನ್ನೊಂದು ಕೇಳಿಸತೊಡಗಿತು. ಒಂದು ದೃಶ್ಯದಿಂದ ಇನ್ನೊಂದಕ್ಕೆ ಜಿಗಿಯುವ ಅಂತರಕ್ಕೆ ಲಯವಿತ್ತು. ಅಂಚಿನಿಂದ ಅಂಚಿಗೆ, ಕಿಟಕಿಯಿಂದ ಕಿಟಕಿಗೆ ಕಣ್ಣು ಹೋಗುವಾಗ ತಾಳ ಸಿಕ್ಕಿದ ಹಾಗಾಗುತ್ತಿತ್ತು. ಗಾಫ್ ಸಂಗೀತವನ್ನೂ ರಚಿಸುತ್ತಿದ್ದ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಅಂದಿನಿಂದ ಓಕ್ಲಹೋಮಾಕ್ಕೆ ಹೋಗಬೇಕೆಂಬ ಆಸೆ ಹತ್ತಿಕೊಂಡಿತು.

ಅಕ್ಕನ ಮಗ ಡಲ್ಲಸ್ ಹತ್ತಿರ ಕೆಲಸದಲ್ಲಿದ್ದಾನೆ. ಅಮೆರಿಕಕ್ಕೆ ಬಂದವರನ್ನು ನಯಾಗರಾಕ್ಕೋ ಗ್ರ್ಯಾಂಡ್ ಕ್ಯಾನ್ಯನ್‌ಗೋ ಕರೆದುಕೊಂಡು ಹೋಗುವುದು ಅಲ್ಲಿಯವರ ಪದ್ಧತಿ. ನಾನು ಓಕ್ಲಹೋಮಾ ಅಂದಾಗ, “ಚಿಕ್ಕಮ್ಮ, ಅಲ್ಲಿ ನೋಡೋಕೆ ಏನಿದೆ?” ಎಂದು ನಿಜವಾಗಿಯೂ ಅಚ್ಚರಿಪಟ್ಟ. “ಮನೆಗಳು” ಎಂದೆ. ಪಾಪ, ರಜೆ ಹಾಕಿ ಕಾರು ತೆಗೆದ.

ಡಲ್ಲಸ್ಸಿನಿಂದ ಉತ್ತರಕ್ಕೆ ಹೊರಟು ರೆಡ್ ರಿವರ್ ದಾಟಿದರೆ ಓಕ್ಲಹೋಮಾ. ಮಣ್ಣು ಕೆಂಪಗೆ, ನಮ್ಮ ಕಡೆಯ ಮಣ್ಣನ್ನು ನೆನಪಿಸುವಷ್ಟು ಕೆಂಪಗೆ ಇದೆ. ರಸ್ತೆಯ ಪಕ್ಕ ಹುಲ್ಲುಗಾವಲು, ಗಿಡ್ಡ ಓಕ್ ಮರಗಳು, ಅಲ್ಲಲ್ಲಿ ಎಣ್ಣೆ ಬಾವಿಯ ಪಂಪು ತಲೆಯಾಡಿಸುತ್ತಿರುತ್ತದೆ. ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಈ ಎಣ್ಣೆ ಮತ್ತು ಈ ಗಾಳಿ ಎರಡನ್ನೂ ಗಮನಿಸಬೇಕು. ಗಾಫ್‌ನ ಮನೆಗಳಿಗೆ ಹಣ ಬಂದದ್ದು ಬಹುಪಾಲು ಎಣ್ಣೆಯ ನಾಡಿನಿಂದ. ಕೆಲವು ಕಟ್ಟಡಗಳಿಗೆ ಸಾಮಾನೂ ಅಲ್ಲಿಂದಲೇ ಬಂತು. ಎಡ್ಮಂಡ್ ಊರಿನ ಹೋಪ್‌ವೆಲ್ ಬ್ಯಾಪ್ಟಿಸ್ಟ್ ಚರ್ಚನ್ನು ಎಣ್ಣೆ ಬಾವಿ ಕೊರೆಯುವ ಹಳೆಯ ಪೈಪುಗಳಿಂದ ಎತ್ತಿ ನಿಲ್ಲಿಸಿದವರು ಎಣ್ಣೆ ಬಾವಿಯ ಕೆಲಸಗಾರರೇ ಆಗಿದ್ದ ಆ ಊರಿನ ಭಕ್ತರು.

ಗಾಫ್ ಹುಟ್ಟಿದ್ದು 1904ರಲ್ಲಿ, ಕ್ಯಾನ್ಸಸ್ ರಾಜ್ಯದ ಆಲ್ಟನ್ ಎಂಬ ಸಣ್ಣ ಊರಿನಲ್ಲಿ. ಹನ್ನೆರಡನೆಯ ವಯಸ್ಸಿಗೆ ಅಪ್ಪ ಅವನನ್ನು ಟಲ್ಸಾ ನಗರದ ರಷ್, ಎಂಡಾಕಾಟ್ ಅಂಡ್ ರಷ್ ಎಂಬ ವಾಸ್ತುಶಿಲ್ಪ ಕಚೇರಿಯಲ್ಲಿ ಕೆಲಸ ಕಲಿಯಲು ಬಿಟ್ಟ. ಹುಡುಗ ಅಲ್ಲೇ ನಕ್ಷೆ ಬರೆಯುತ್ತ ಬೆಳೆದ. ಮುಂದೆ ಕಾಲೇಜಿಗೆ ಹೋಗಬೇಕೇ ಎಂದು ಆ ಕಾಲದ ಹೆಸರಾಂತ ವಾಸ್ತುಶಿಲ್ಪಿಗಳಾದ ಫ್ರಾಂಕ್ ಲಾಯ್ಡ್ ರೈಟ್‌ನನ್ನೂ ಲೂಯಿ ಸಲ್ಲಿವನ್‌ನನ್ನೂ ಪತ್ರ ಬರೆದು ಕೇಳಿದ. ಇಬ್ಬರೂ ಬೇಡವೆಂದರು, ಗಾಫ್ ಹೋಗಲಿಲ್ಲ. ಎಂದೂ ಕಾಲೇಜು ಮೆಟ್ಟಿಲು ಹತ್ತದ ಈ ಮನುಷ್ಯ 1947ರಲ್ಲಿ ಓಕ್ಲಹೋಮಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಶಾಲೆಯ ಮುಖ್ಯಸ್ಥನಾದ.

ಸಂಗೀತವೂ ಹೀಗೆಯೇ, ಗುರುವಿಲ್ಲದೆ ಬಂದದ್ದು. ಫ್ರೆಂಚ್ ಸಂಗೀತಕಾರ ಡೆಬ್ಯುಸಿ ಎಂದರೆ ಅವನಿಗೆ ಪ್ರಾಣ. ಪಿಯಾನೋಗಾಗಿ ಬರೆದ, ಅದರಲ್ಲೂ ತಾನಾಗಿ ನುಡಿಯುವ ಪಿಯಾನೋಗಾಗಿ ಬರೆದ. ಆ ಯಂತ್ರದ ಕೆಲಸವನ್ನು ತಿಳಿದುಕೊಂಡರೆ ಗಾಫ್ ಅರ್ಧ ಅರ್ಥವಾಗುತ್ತಾನೆ. ಉದ್ದನೆಯ ಕಾಗದದ ಸುರುಳಿಯಲ್ಲಿ ತೂತುಗಳಿರುತ್ತವೆ. ಸುರುಳಿ ಬಿಚ್ಚುತ್ತ ಒಂದು ಹಿತ್ತಾಳೆ ಪಟ್ಟಿಯ ಮೇಲೆ ಹರಿಯುವಾಗ, ತೂತು ಬಂದ ಕಡೆ ಗಾಳಿ ಒಳಗೆ ನುಗ್ಗಿ ತಿದಿಯನ್ನು ಎಳೆಯುತ್ತದೆ, ತಿದಿ ಆ ಸ್ವರದ ಸುತ್ತಿಗೆಯನ್ನು ಹೊಡೆಸುತ್ತದೆ. ತೂತು ಉದ್ದವಾದಷ್ಟೂ ಸ್ವರ ನಿಲ್ಲುತ್ತದೆ. ಅಂದರೆ ಸಂಗೀತವನ್ನು ಬರೆಯುವುದು, ಚಿತ್ರಿಸುವುದು, ಕಾಗದವನ್ನು ಕತ್ತರಿಸುವುದು ಮೂರೂ ಒಂದೇ ಕೆಲಸವಾಗುತ್ತವೆ. ಹತ್ತು ಬೆರಳಿಗೆ ಎಟುಕದ ಸ್ವರಗುಚ್ಛಗಳೂ ಅಲ್ಲಿ ಸಾಧ್ಯ. ನಕ್ಷೆ ಬರೆಯುವ ಕೈಗೆ ಇದು ಹೇಳಿ ಮಾಡಿಸಿದ ವಾದ್ಯ. ಗಾಫ್ ಆ ಸುರುಳಿಗಳನ್ನು ವಿನ್ಯಾಸದ ಹಾಗೆಯೇ ಕಲ್ಪಿಸಿಕೊಂಡ. ಮುಂದೆ ವಾಸ್ತುಶಿಲ್ಪಕ್ಕೇ ತನ್ನನ್ನು ಕೊಟ್ಟುಕೊಂಡು ರಚನೆಯನ್ನು ನಿಲ್ಲಿಸಿದ. ಕೇಳುವುದನ್ನು ಮಾತ್ರ ಸಾಯುವ ತನಕ ಬಿಡಲಿಲ್ಲ. ಅವನಲ್ಲಿ ಗ್ರಾಮಫೋನ್ ರೆಕಾರ್ಡುಗಳ ದೊಡ್ಡ ಸಂಗ್ರಹವಿತ್ತು, ವಿದ್ಯಾರ್ಥಿಗಳಿಗೂ ಅವನ್ನು ಕೇಳಿಸುತ್ತಿದ್ದ.

ನಾರ್ಮನ್ ಊರು ವಿಶ್ವವಿದ್ಯಾಲಯದ ಊರು. ಕ್ಯಾಂಪಸ್ಸಿನ ಹತ್ತಿರವೇ ಲೆಡ್‌ಬೆಟರ್ ಮನೆ ಇದೆ, 1940ರ ದಶಕದ ಕೊನೆಯದು. ಕಂಬದಿಂದ ತಂತಿ ಎಳೆದು ತೂಗುಹಾಕಿದ ಮಾಡು, ಬಾಗಿ ಸಾಗುವ ಕಲ್ಲಿನ ಗೋಡೆ. ನಾನು ಹುಡುಕುತ್ತಿದ್ದದ್ದು ಗಾಜಿನ ಆಶ್‌ಟ್ರೇಗಳನ್ನು. ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಆಶ್‌ಟ್ರೇಗಳನ್ನು ಗಾಫ್ ಇಲ್ಲಿ ಅಲಂಕಾರಕ್ಕೆ ಕೂರಿಸಿದ್ದಾನೆ. ಬೆಳಕು ಬಿದ್ದರೆ ಅವು ಸಿಗರೇಟಿನ ಬೂದಿಗೆ ಹುಟ್ಟಿದವು ಅನ್ನಿಸುವುದೇ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಫ್ ನೌಕಾಪಡೆಯ ಕಟ್ಟಡ ದಳದಲ್ಲಿದ್ದ, ಅಲಾಸ್ಕಾದ ಆಚೆಯ ಅಲ್ಯೂಷಿಯನ್ ದ್ವೀಪಗಳಿಗೂ ಹೋಗಿದ್ದ. ಅಲ್ಲಿ ಬೇಕಾದ ಸಾಮಾನು ಸಿಗುತ್ತಿರಲಿಲ್ಲ, ಸಿಕ್ಕಿದ್ದರಲ್ಲೇ ಕಟ್ಟಬೇಕಿತ್ತು. ಯುದ್ಧ ಮುಗಿದ ಮೇಲೂ ಆ ಅಭ್ಯಾಸ ಉಳಿಯಿತು. ವ್ಯತ್ಯಾಸವೆಂದರೆ, ಆಮೇಲೆ ಅದು ಅನಿವಾರ್ಯವಾಗಿರಲಿಲ್ಲ, ಆಯ್ಕೆಯಾಗಿತ್ತು.

ನಾರ್ಮನ್‌ನ ಪೂರ್ವಕ್ಕೆ, ಓಕ್ ಕಾಡಿನ ನಡುವೆ, ಬ್ಯಾವಿಂಜರ್ ಮನೆ ಇತ್ತು. ಇತ್ತು ಎಂದೇ ಬರೆಯಬೇಕು. ಯೂಜೀನ್ ಮತ್ತು ನ್ಯಾನ್ಸಿ ಬ್ಯಾವಿಂಜರ್ ಎಂಬ ಕಲಾವಿದ ದಂಪತಿಗಾಗಿ 1950ರಲ್ಲಿ ಶುರುವಾಗಿ 1955ರಲ್ಲಿ ಮುಗಿದ ಮನೆ. ಅದರಲ್ಲಿ ಕೋಣೆಗಳೇ ಇರಲಿಲ್ಲ. 96 ಅಡಿ ಉದ್ದದ ಒಂದೇ ಕಲ್ಲುಗೋಡೆ ಶಂಖದ ಹಾಗೆ ಸುರುಳಿ ಸುತ್ತುತ್ತ, ಸುತ್ತುತ್ತಲೇ ಮೇಲೇರುತ್ತ ನಡುವಿನ ಕಂಬವನ್ನು ಸೇರುತ್ತಿತ್ತು. ಕಂಬ ಎಣ್ಣೆ ಬಾವಿಯ ಹಳೆಯ ಪೈಪು, 55 ಅಡಿ ಎತ್ತರ. ಅದರ ತುದಿಯಿಂದ ಉಕ್ಕಿನ ತಂತಿಗಳು ಇಳಿದು ಸುರುಳಿಯಾದ ಮಾಡನ್ನು ಹಿಡಿದಿದ್ದವು. ಒಳಗೆ ನೆಲದಲ್ಲಿ ಕೊಳ, ಗಿಡ, ಕಲ್ಲುಹಾಸು. ಮಲಗುವುದಕ್ಕೆ, ಕೂರುವುದಕ್ಕೆ, ಮಕ್ಕಳು ಆಡುವುದಕ್ಕೆ ಬೋಗುಣಿಯಂಥ ಅಟ್ಟಣೆಗಳು ಒಂದಕ್ಕಿಂತ ಒಂದು ಮೇಲಾಗಿ ಗಾಳಿಯಲ್ಲಿ ತೂಗುತ್ತಿದ್ದವು. ಬಾಗಿಲಿಲ್ಲ, ಪರದೆ ಮಾತ್ರ. ಗೋಡೆಯ ಕಲ್ಲುಗಳ ನಡುವೆ ಗಾಜಿನ ಕಾರ್ಖಾನೆಯಲ್ಲಿ ಉಳಿದ ಹಸಿರು ನೀಲಿ ಗಟ್ಟಿಗಳು ಹೊಳೆಯುತ್ತಿದ್ದವು. ಜನ ನೋಡಲು ಎಷ್ಟು ಬರುತ್ತಿದ್ದರೆಂದರೆ ದಂಪತಿ ಒಬ್ಬರಿಗೆ ಒಂದು ಡಾಲರ್ ಶುಲ್ಕವಿಟ್ಟರು.

ಗರ್ಟ್ರೂಡ್ ಸ್ಟೈನ್ ಎಂಬ ಲೇಖಕಿಯಿಂದ ಗಾಫ್ ಒಂದು ಮಾತನ್ನು ಎತ್ತಿಕೊಂಡಿದ್ದ: ಎಡೆಬಿಡದ ವರ್ತಮಾನ. ಕಟ್ಟಡಕ್ಕೆ ಶುರುವೆಂಬುದೂ ಕೊನೆಯೆಂಬುದೂ ಇರಬಾರದು, ಯಾವ ಹೊತ್ತಿನಲ್ಲಿ ಹೊಕ್ಕರೂ ಅದು ಆಗುತ್ತಿರಬೇಕು ಎಂಬುದು ಅವನ ನಂಬಿಕೆ. ರಾಗದ ಆಲಾಪನೆ ಕೇಳುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಷಡ್ಜದಲ್ಲಿ ನಿಂತು ಒಂದೊಂದೇ ಸ್ವರಕ್ಕೆ ಕೈಚಾಚಿ, ಮತ್ತೆ ಷಡ್ಜಕ್ಕೆ ಬಂದು, ಮತ್ತೆ ಹೊರಟು ಗಾಯಕ ಜಾಗವನ್ನು ಹಿಗ್ಗಿಸುತ್ತ ಹೋಗುತ್ತಾನೆ. ಬ್ಯಾವಿಂಜರ್ ಮನೆಯಲ್ಲಿ ನಡುಗಂಬವೇ ಷಡ್ಜ. ಅದರ ಸುತ್ತ ಹತ್ತುತ್ತ ಹೋದಷ್ಟೂ ಅದೇ ಕೊಳ, ಅದೇ ಗಿಡ ಬೇರೆ ಎತ್ತರದಿಂದ ಕಾಣುತ್ತಿದ್ದವು. ಸಂಗೀತ ಬಲ್ಲವನು ಮಾತ್ರ ಮನೆಯನ್ನು ಹೀಗೆ ಕಾಲದಲ್ಲಿ ಕಟ್ಟಬಲ್ಲ ಎಂದು ನನಗೆ ಖಚಿತವಾಗಿದೆ.

2011ರ ಬಿರುಗಾಳಿಯಲ್ಲಿ ಆ ಕಂಬ ಬಾಗಿತು. ಆಮೇಲೆ ಮನೆ ಚೇತರಿಸಿಕೊಳ್ಳಲಿಲ್ಲ. 2016ರಲ್ಲಿ ಅದನ್ನು ಪೂರ್ತಿ ಕೆಡವಿಹಾಕಿದರು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1987ರಲ್ಲಿ, ಕಾಲದ ಪರೀಕ್ಷೆಯಲ್ಲಿ ಗೆದ್ದ ಕಟ್ಟಡಗಳಿಗೆ ಕೊಡುವ ಪ್ರಶಸ್ತಿಯನ್ನು ಇದೇ ಮನೆಗೆ ಕೊಟ್ಟಿತ್ತು.

ಆ ಜಾಗ ಖಾಸಗಿ. ನಾವು ಒಳಗೆ ಹೋಗಲಿಲ್ಲ. ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಮರಗಳನ್ನು ನೋಡಿದೆವು. ಗಾಳಿಗೆ ಓಕ್ ಎಲೆಗಳು ಒಣಗಿದ ಸದ್ದು ಮಾಡುತ್ತಿದ್ದವು. ಅಕ್ಕನ ಮಗ ಫೋನಿನಲ್ಲಿ ಹಳೆಯ ಚಿತ್ರಗಳನ್ನು ತೆರೆದು ಒಂದೊಂದಾಗಿ ಸರಿಸುತ್ತಿದ್ದವನು, “ಇದನ್ನ ಬೀಳೋಕೆ ಹೇಗೆ ಬಿಟ್ಟರು, ಚಿಕ್ಕಮ್ಮ?” ಎಂದ. ಅಲ್ಲಿಯವರೆಗೆ ಅವನು ನನ್ನ ಮೇಲಿನ ಪ್ರೀತಿಗಾಗಿ ಬಂದಿದ್ದ. ಅಲ್ಲಿಂದ ಮುಂದೆ ತನಗಾಗಿಯೇ ಬಂದ.

ಎಮಿಗ್‌ಹೋಲ್ಟ್ಸ್ ಚಿತ್ರ ತೆಗೆದಾಗ ಆ ಮನೆ ನಿಂತಿತ್ತು. ಸಿನಿಮಾ ಮನೆಯನ್ನು ಉಳಿಸಿತು ಎಂದು ಹೇಳುವುದು ಸುಲಭ, ಆದರೆ ಅದು ಸರಿಯಲ್ಲ. ಮನೆ ಹೋಯಿತು. ಅಲ್ಲಿ ಇನ್ನು ಯಾರೂ ಮಲಗಲಾರರು, ಆ ಕೊಳದ ಪಕ್ಕ ಕೂತು ಚಹಾ ಕುಡಿಯಲಾರರು. ಸಿನಿಮಾ ಉಳಿಸಿರುವುದು ಒಬ್ಬ ಮನುಷ್ಯ ಆ ಮನೆಯ ಮುಂದೆ ನಿಂತ ಹೊತ್ತನ್ನು, ಅಂದಿನ ಬೆಳಕನ್ನು. ಅದೂ ದೊಡ್ಡದೇ. ಫೋಟೋ ನೋಡುವಾಗ ಕಣ್ಣು ಬೇಕಾದಷ್ಟು ಹೊತ್ತು ನಿಲ್ಲುತ್ತದೆ, ಬೇಡವಾದಾಗ ಹೊರಡುತ್ತದೆ. ಸಿನಿಮಾದಲ್ಲಿ ಹಾಗಲ್ಲ. ನಿರ್ದೇಶಕ ಎಷ್ಟು ಹೊತ್ತು ನೋಡಿದನೋ ಅಷ್ಟು ಹೊತ್ತು ನಾವೂ ನೋಡಬೇಕು, ಅವನು ತಿರುಗಿದಾಗ ನಾವೂ ತಿರುಗಬೇಕು. ಸಂಗೀತ ಕೇಳುವಾಗಲೂ ಇದೇ ಕಟ್ಟಳೆ. ಗಾಫ್‌ನಂಥ ವಾಸ್ತುಶಿಲ್ಪಿಗೆ ಸಿನಿಮಾ ಹೊಂದುವುದು ಈ ಕಾರಣಕ್ಕೆ.

ವಿಶ್ವವಿದ್ಯಾಲಯದಲ್ಲಿ ಗಾಫ್ ಇದ್ದದ್ದು 1955ರವರೆಗೆ. ಅವನು ಸಲಿಂಗಿ. ಆ ಕಾಲದ ಓಕ್ಲಹೋಮಾದಲ್ಲಿ ಅದೇ ಅಪರಾಧ. ಅದಕ್ಕೆ ಸಂಬಂಧಿಸಿದ ಒಂದು ಆಪಾದನೆ, ಬಂಧನ, ಕೊನೆಗೆ ರಾಜೀನಾಮೆ. ಇಡೀ ದೇಶ ನಾರ್ಮನ್ ಕಡೆ ತಿರುಗಿ ನೋಡುವ ಹಾಗೆ ಮಾಡಿದ ಮೇಷ್ಟ್ರು ಊರು ಬಿಟ್ಟ. ಈ ಅನ್ಯಾಯವನ್ನು ಅವನ ಜೀವನಚರಿತ್ರೆಯ ಒಂದು ಸಾಲಾಗಿ ದಾಟಿಹೋಗುವವರಿದ್ದಾರೆ. ನನಗೆ ಅದು ಸಾಧ್ಯವಾಗುವುದಿಲ್ಲ. ಆ ಶಾಲೆಯಲ್ಲಿ ಅವನು ಇನ್ನೂ ಹತ್ತು ವರ್ಷ ಇದ್ದಿದ್ದರೆ ಅಮೆರಿಕದ ಕಟ್ಟಡಗಳು ಬೇರೆ ಥರ ಇರುತ್ತಿದ್ದವು.

ಅವನು ಹೋದದ್ದು ಬಾರ್ಟಲ್ಸ್‌ವಿಲ್‌ಗೆ. ನಾವೂ ಅಲ್ಲಿಗೆ ಹೋದೆವು, ಟಲ್ಸಾದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿ. ಎಣ್ಣೆಯ ದುಡ್ಡಿನಿಂದ ಬೆಳೆದ ಪುಟ್ಟ ಊರು. ನಡುವೆ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ 19 ಅಂತಸ್ತಿನ ಪ್ರೈಸ್ ಟವರ್, 1956ರದು. ಗಾಫ್ ಅದರಲ್ಲೇ ಮನೆ ಮತ್ತು ಕಚೇರಿ ಮಾಡಿಕೊಂಡಿದ್ದ. ಟವರ್ ಕಟ್ಟಿಸಿದ ಪ್ರೈಸ್ ಅವರ ಮಗ ಜೋ ಪ್ರೈಸ್‌ಗಾಗಿ ಊರ ಹೊರಗೆ ಅವನು ಒಂದು ಮನೆ ಕಟ್ಟಿದ, ಎರಡು ಸಲ ವಿಸ್ತರಿಸಿದ. ಹೆಸರು ಶಿನ್‌ಎನ್‌ಕಾನ್. ಗೋಡೆಗೆ ಕಲ್ಲಿದ್ದಲು ಮತ್ತು ಗಾಜಿನ ಗಟ್ಟಿ, ಒಳಮಾಡಿಗೆ ಹೆಬ್ಬಾತಿನ ಬಿಳಿ ಗರಿ. ಜೋ ಪ್ರೈಸ್ ಜಪಾನಿನ ಎಡೊ ಕಾಲದ ವರ್ಣಚಿತ್ರಗಳ ದೊಡ್ಡ ಸಂಗ್ರಾಹಕ. ಆ ಚಿತ್ರಗಳ ಜೊತೆ ಬದುಕುವುದಕ್ಕೆ ಆ ಮನೆ. 1985ರಲ್ಲಿ ಅದು ವಿಶ್ವವಿದ್ಯಾಲಯಕ್ಕೆ ದಾನವಾಗಿ ಹೋಯಿತು. 1996ರ ಡಿಸೆಂಬರಿನಲ್ಲಿ ಯಾರೋ ಬೆಂಕಿ ಹಚ್ಚಿದರು, ಸುಟ್ಟುಹೋಯಿತು. ಎಮಿಗ್‌ಹೋಲ್ಟ್ಸ್ ಬರುವ ಹೊತ್ತಿಗೆ ಅದಿರಲಿಲ್ಲ. ಆ ಬೂದಿಯಿಂದ ತೆಗೆದ ಒಂದು ಗಾಜಿನ ಗಟ್ಟಿಯನ್ನು ಶಿಕಾಗೊದ ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿರುವ ಗಾಫ್‌ನ ಸಮಾಧಿಯ ಗುರುತಿಗೆ ಕೂರಿಸಿದ್ದಾರೆ. ಅವನು ಬಹಳ ಮೆಚ್ಚಿದ ಸಲ್ಲಿವನ್‌ನ ಸಮಾಧಿಯೂ ಅಲ್ಲೇ ಇದೆ.

ಬಾರ್ಟಲ್ಸ್‌ವಿಲ್‌ನಲ್ಲಿ ಇನ್ನೂ ಇರುವುದು ಸೂನರ್ ಪಾರ್ಕಿನ ಆಟದ ಗೋಪುರ. 1963ರಲ್ಲಿ ಮಕ್ಕಳಿಗಾಗಿ ಕಟ್ಟಿದ್ದು, ಸುಮಾರು 50 ಅಡಿ. ಒಳಗೆ ಸುರುಳಿ ಮೆಟ್ಟಿಲು, ತುದಿಯಲ್ಲಿ ಗೋಲಾಕಾರದ ಕೋಣೆ. ನಾವು ಹೋದಾಗ ಮೂರು ನಾಲ್ಕು ಮಕ್ಕಳು ಹತ್ತಿ ಇಳಿದು ಮಾಡುತ್ತಿದ್ದವು. ಹತ್ತುವ ಮಗುವಿನ ಹೆಜ್ಜೆ ನಿಧಾನ, ಇಳಿಯುವ ಮಗುವಿನದು ದಡದಡ. ಕಬ್ಬಿಣದಲ್ಲಿ ಎರಡೂ ಒಟ್ಟಿಗೆ ಮೊಳಗುತ್ತಿದ್ದವು. ನಡುದಾರಿಯಲ್ಲಿ ಒಬ್ಬರನ್ನೊಬ್ಬರು ದಾಟುವಾಗ ಸದ್ದು ಒಂದು ಕ್ಷಣ ಗಕ್ಕನೆ ನಿಂತು ಮತ್ತೆ ಎದ್ದುಕೊಳ್ಳುತ್ತಿತ್ತು. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಅದನ್ನೇ ಕೇಳಿದೆ. ಗಾಫ್ ಸಂಗೀತ ರಚನೆ ನಿಲ್ಲಿಸಿದ ಎಂದು ಪುಸ್ತಕಗಳು ಹೇಳುವುದನ್ನು ಆ ಬೆಂಚಿನ ಮೇಲೆ ನಾನು ಒಪ್ಪಲಿಲ್ಲ.

ಶನಿವಾರಕ್ಕೆ ಟಲ್ಸಾ. ಟಲ್ಸಾಕ್ಕೆ ಹೋದವರಿಗೆ ಬಾಸ್ಟನ್ ಅವೆನ್ಯೂ ಮೆಥಡಿಸ್ಟ್ ಚರ್ಚನ್ನು ಎಲ್ಲರೂ ತೋರಿಸುತ್ತಾರೆ. 1929ರ ಭವ್ಯ ಕಟ್ಟಡ. ಅದರ ಕಲ್ಪನೆ ಗಾಫ್‌ನದೋ, ಅವನಿಗೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ಅಡಾ ರಾಬಿನ್ಸನ್ ಅವರದೋ ಎಂಬ ವಾದ ಇನ್ನೂ ಮುಗಿದಿಲ್ಲ. ನನಗೆ ಬೇಕಾಗಿದ್ದದ್ದು ಆರ್ಕನ್ಸಾ ನದಿಯ ದಂಡೆಯ ಮೇಲಿನ ರಿವರ್‌ಸೈಡ್ ಸ್ಟುಡಿಯೋ. ಪ್ಯಾಟಿ ಆಡಮ್ಸ್ ಶ್ರೈನರ್ ಎಂಬ ಪಿಯಾನೋ ಶಿಕ್ಷಕಿಗಾಗಿ 1928ರ ಸುಮಾರಿಗೆ ಗಾಫ್ ಕಟ್ಟಿದ ಮನೆ. ಅವಳು ಇರುವುದಕ್ಕೂ ಪಾಠ ಹೇಳುವುದಕ್ಕೂ ಶಿಷ್ಯರ ಕಛೇರಿ ನಡೆಸುವುದಕ್ಕೂ ಅದೇ ಸೂರು. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು.

ನದಿಯ ಕಡೆಗೆ ಮುಖಮಾಡಿದ ಬಿಳಿ ಗೋಡೆ. ನಡುವೆ ಬಹು ದೊಡ್ಡ ದುಂಡು ಕಿಟಕಿ. ಅದರ ಎರಡೂ ಬದಿ ಸಣ್ಣ ಕಿಟಕಿಗಳು ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ಪಿಯಾನೋ ಸುರುಳಿಯನ್ನು ಒಮ್ಮೆ ನೋಡಿದವರಿಗೆ ಈ ಗೋಡೆಯನ್ನು ಗುರುತಿಸಲು ಕಷ್ಟವಿಲ್ಲ. ತೂತು, ಬಿಡುವು, ತೂತು, ಬಿಡುವು, ಏರುವ ಸ್ವರಗಳು. ಕಾಗದದಲ್ಲಿ ಗಾಳಿ ಹೊಗುವ ಕಡೆ ಇಲ್ಲಿ ಬೆಳಕು ಹೊಗುತ್ತದೆ. ಸಂಜೆ ಬಿಸಿಲು ನದಿಯಿಂದ ನೇರ ಗೋಡೆಗೆ ಬೀಳುತ್ತಿತ್ತು. ನಾನು ಎಮಿಗ್‌ಹೋಲ್ಟ್ಸ್ ಮಾಡಿದ ಹಾಗೆಯೇ ಒಂದು ಕಡೆ ನಿಂತೆ, ಆಮೇಲೆ ಇನ್ನೊಂದು ಕಡೆ. ಕತ್ತು ವಾಲಿಸಿಯೂ ನೋಡಿದೆ. ಓರೆಯಾಗಿ ನೋಡಿದರೆ ಕಿಟಕಿಗಳ ಸಾಲು ಇನ್ನೂ ವೇಗವಾಗಿ ಏರುತ್ತದೆ. ಕ್ಯಾಮೆರಾ ವಾಲಿದ್ದೇಕೆ ಎಂಬುದಕ್ಕೆ ಉತ್ತರ ಅಲ್ಲಿ ಸಿಕ್ಕಿತು: ನೆಟ್ಟಗೆ ನಿಂತ ಕಣ್ಣು ಗೋಡೆಯನ್ನು ನೋಡುತ್ತದೆ, ವಾಲಿದ ಕಣ್ಣು ಗೋಡೆಯ ನಡಿಗೆಯನ್ನು ನೋಡುತ್ತದೆ.

ಒಳಗಿನ ಕಛೇರಿ ಕೋಣೆಗೆ ಒಲಿಂಕಾ ಹರ್ಡಿ ಎಂಬ ಓಕ್ಲಹೋಮಾದ ಕಲಾವಿದೆ ಸಂಗೀತವನ್ನೇ ವಸ್ತುವಾಗಿಟ್ಟುಕೊಂಡು ಗೋಡೆಚಿತ್ರಗಳನ್ನು ಬರೆದಿದ್ದಳು. ಅವು ಈಗಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆಯೂ ಶಿಕ್ಷಕಿಯ ಕೈತಪ್ಪಿತು. ಬ್ಯಾವಿಂಜರ್ ಮನೆಗೆ, ಶಿನ್‌ಎನ್‌ಕಾನ್‌ಗೆ ಆದದ್ದೇ ಇದಕ್ಕೂ ಆಗಬಹುದಿತ್ತು. ಆಗಲಿಲ್ಲ, ಏಕೆಂದರೆ 1953ರಲ್ಲಿ ಊರಿನ ಹವ್ಯಾಸಿ ನಾಟಕದವರು ಇಲ್ಲಿ ಆಟ ಶುರುಮಾಡಿದರು. ಆಡಿದ್ದು ‘ದ ಡ್ರಂಕರ್ಡ್’, ಕುಡಿತದ ಕೆಡುಕಿನ ಬಗ್ಗೆ 1844ರಷ್ಟು ಹಿಂದೆ ಬರೆದ ಮೆಲೋಡ್ರಾಮ. ಅದೇ ನಾಟಕ ಅದೇ ಮನೆಯಲ್ಲಿ ತಲೆಮಾರುಗಳ ಕಾಲ ಶನಿವಾರ ರಾತ್ರಿಗಳಲ್ಲಿ ನಡೆದುಕೊಂಡು ಬಂದಿದೆ.

ನಾವೂ ಟಿಕೆಟ್ ತೆಗೆದುಕೊಂಡೆವು. ಖಳ ಬಂದಾಗ ಸಭೆಯೆಲ್ಲ ಕೂಗಿ ಹೀಗಳೆಯುತ್ತದೆ, ನಾಯಕ ಬಂದಾಗ ಚಪ್ಪಾಳೆ. ಅಜ್ಜಿಯಂದಿರು ಮೊಮ್ಮಕ್ಕಳಿಗೆ ಎಲ್ಲಿ ಕೂಗಬೇಕೆಂದು ಮೊದಲೇ ಪಿಸುಗುಡುತ್ತಾರೆ. ನಾಟಕ ಮುಗಿದ ಮೇಲೆ ಹಾಡು, ಕುಣಿತ, ಸಣ್ಣಪುಟ್ಟ ಪ್ರಹಸನ. ಒಂದು ಬದಿಯಲ್ಲಿ ಪಿಯಾನೋ. ನುಡಿಸುವವರು ನಟರ ಮೇಲೆ ಒಂದು ಕಣ್ಣಿಟ್ಟು, ಯಾರಾದರೂ ಮಾತು ಮರೆತರೆ ಎರಡು ಸ್ವರ ಹೆಚ್ಚಿಗೆ ಬಾರಿಸಿ ಹೊತ್ತು ತುಂಬಿಕೊಡುತ್ತಿದ್ದರು. ನಾಟಕ ದೊಡ್ಡದೇನಲ್ಲ. ಆದರೆ ಪಿಯಾನೋ ಕೇಳಿಸುವುದಕ್ಕೆಂದು ಕಟ್ಟಿದ ಕೋಣೆಯಲ್ಲಿ ಪಿಯಾನೋ ಕೇಳುತ್ತಿದ್ದೆ. ಸ್ವರ ಕಿವಿಗೆ ದುಂಡಗೆ ಬರುತ್ತಿತ್ತು. ಪ್ರಶಸ್ತಿ ಬಂದ ಮನೆ ಬಿದ್ದಿತು, ಹವ್ಯಾಸಿ ನಾಟಕದವರ ಮನೆ ನಿಂತಿತು. ಗಾಫ್‌ನ ಹೆಸರು ಕೇಳದವರೂ ಆ ಸಭೆಯಲ್ಲಿ ಇದ್ದಿರಬೇಕು. ಅವನ ಮನೆಯನ್ನು ಕಾಯ್ದುಕೊಂಡು ಬಂದವರು ಅವರೇ.

ಓಕ್ಲಹೋಮಾ ಕಡೆ ಹೋಗುವ ಕನ್ನಡಿಗರಿಗೆ ನನ್ನ ಮಾತು ಇಷ್ಟೇ. ಸಿನಿಮಾ ಡಿವಿಡಿಯಲ್ಲಿ ಸಿಗುತ್ತದೆ. ಹೋಗುವ ಮೊದಲು ಅದನ್ನು ಒಂದೇ ಪಟ್ಟಿಗೆ ಕೂತು, ದನಿ ತಗ್ಗಿಸದೆ ನೋಡಿ. ಟಲ್ಸಾದಲ್ಲಿ ಶನಿವಾರ ಆಟ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇದ್ದರೆ ಸಂಜೆ ಬಿಸಿಲಿರುವಾಗಲೇ ಹೋಗಿ ಗೋಡೆಯನ್ನು ನೋಡಿ, ಆಮೇಲೆ ಟಿಕೆಟ್ ಕೊಂಡು ಒಳಗೆ ಹೋಗಿ ಕೂತುಕೊಳ್ಳಿ.